ಮನೆ ನೋಡದೆ ಕಾರ್ಡು ಕೀಳಬೇಡಿ



ರೇಷನ್ ಕಾರ್ಡು ಬರೀ ಕಾಗದವಲ್ಲ, ನಮ್ಮ ಮಕ್ಕಳ ತುತ್ತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯವನ್ನು ಹಕ್ಕಾಗಿ ಕೊಟ್ಟಿದೆ. ಮನೆಯ ಹಿರಿಯ ಹೆಣ್ಣುಮಗಳೇ ಕಾರ್ಡಿಗೆ ಯಜಮಾನಿ ಎಂದೂ ಹೇಳಿದೆ.

ಆದರೆ 2024ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಏನಾಯ್ತು? ಅನೇಕ ಬಿಪಿಎಲ್ ಕಾರ್ಡುಗಳು ರದ್ದಾದವು. ಜನ ಕೂಗೆಬ್ಬಿಸಿದ ಮೇಲೆ, ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ವಾಪಸ್ ಕೊಡ್ತೇವೆ ಅಂತ ಸರ್ಕಾರ ಹೇಳಿತು. ಸುಮ್ಮನಿದ್ದರೆ ಸಿಗ್ತಿತ್ತಾ?

ಆಗ ಆದಾಯದ ಮಿತಿ ವರ್ಷಕ್ಕೆ 1.20 ಲಕ್ಷ, ಅಂದರೆ ತಿಂಗಳಿಗೆ 10 ಸಾವಿರ. ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋದರೆ ಮಿತಿ ದಾಟಬಹುದು, ಬಡತನ ದಾಟುತ್ತದೆಯೇ? ಸಾಲಕ್ಕಾಗಿ ರಿಟರ್ನ್ಸ್ ಸಲ್ಲಿಸಿದ ಮಾತ್ರಕ್ಕೆ ತೆರಿಗೆ ಕಟ್ಟಿದಂತಲ್ಲ.

ಉಳ್ಳವರು ಕಾರ್ಡು ಬಿಟ್ಟುಕೊಡಲಿ, ನಮ್ಮ ತಕರಾರಿಲ್ಲ. ನೋಟಿಸು ಕೊಡದೆ, ಮನೆ ನೋಡದೆ ಹೆಸರು ತೆಗೆಯುವುದು ಬೇಡ.

ಈ ವಾರದ ಸಭೆಯಲ್ಲಿ ಕೇಳೋಣ: ಯಾರ ಕಾರ್ಡು ರದ್ದಾಗಿದೆ? ಅವರ ಜೊತೆ ನಾವೆಲ್ಲ ತಾಲ್ಲೂಕು ಕಚೇರಿಗೆ ಹೋಗಿ ಅರ್ಜಿ ಕೊಡೋಣ, ಸ್ವೀಕೃತಿ ಪಡೆಯದೆ ಬರೋದು ಬೇಡ. ಒಬ್ಬಳ ಮನೆಯ ಖಾಲಿ ಚೀಲ ಇಡೀ ಸಂಘದ ಚಿಂತೆಯಾಗಲಿ.