ತಟ್ಟೆಯ ಮಾಂಸ ಯಾವ ಹಕ್ಕಿಯದು?

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪುಕ್ಕ, ಕೊಕ್ಕು, ಕಾಲು ಇರುವಾಗ ಹಕ್ಕಿಯನ್ನು ಯಾರಾದರೂ ಗುರುತಿಸಿಯಾರು. ಅವೆಲ್ಲ ಹೋಗಿ ಮಸಾಲೆ ಬೆರೆತು ಖೀಮಾ ಆದಮೇಲೆ, ಮೂವತ್ತು ವರ್ಷ ಸೌಟು ಹಿಡಿದವನೂ ಆಣೆಯಿಟ್ಟು ಹೇಳಲಾರ. ಆದರೆ ಮಾಂಸದೊಳಗಿನ ಡಿ.ಎನ್.ಎ. ಹೇಳುತ್ತದೆ. ನವಿಲನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯಿದೆಯಂತೆ ದೊಡ್ಡ ಅಪರಾಧ. ಅಂಥ ದೂರು ಬಂದಾಗ ಮೊದಲು ಕೈಗೆ ಸಿಗುವವನು ಗಲ್ಲಾದ ಮೇಲೆ ಕೂತವನಲ್ಲ, ಒಲೆಯ ಮುಂದೆ ನಿಂತವನು. ಗಿರಣಿಯ ಬಂಧುಗಳಿಗೂ ಈ ಮಾತು ಬೇಕು. ಕಾಸು ಕೊಟ್ಟು ಉಣ್ಣುವವರು ಅವರಲ್ಲವೆ?

ಜೀವಕೋಶದಲ್ಲಿ ಮೈಟೊಕಾಂಡ್ರಿಯ ಎಂಬ ಸಣ್ಣ ಭಾಗಗಳಿವೆ. ಅವಕ್ಕೆ ತಮ್ಮದೇ ಡಿ.ಎನ್.ಎ. ಉಂಟು, ಒಂದೊಂದು ಕೋಶದಲ್ಲೂ ಅದರ ನೂರಾರು ಪ್ರತಿಗಳು. ಬೇಯಿಸಿದರೆ ಈ ಎಳೆ ತುಂಡಾಗುತ್ತದೆ. ಆದರೂ ಪ್ರತಿಗಳು ಅಷ್ಟಿರುವುದರಿಂದ ಓದಲು ತಕ್ಕ ತುಂಡು ಸಾಮಾನ್ಯವಾಗಿ ಉಳಿದಿರುತ್ತದೆ. 1983ರಲ್ಲಿ ಅಮೆರಿಕದ ಕ್ಯಾರಿ ಮಲಿಸ್ ರೂಪಿಸಿದ ಪಿ.ಸಿ.ಆರ್. ವಿಧಾನದಲ್ಲಿ ಅಂಥ ಒಂದು ತುಂಡು ಎರಡಾಗಿ, ಎರಡು ನಾಲ್ಕಾಗಿ, 30 ಸುತ್ತಿಗೆ ನೂರು ಕೋಟಿ ದಾಟಬಲ್ಲದು. ಬಡ್ಡಿಗೆ ಬಡ್ಡಿ ಕಟ್ಟಿದವರಿಗೆ ಇದು ಬೇಗ ಅರ್ಥವಾದೀತು! ಬಳಿಕ ಅದರ ಅಕ್ಷರಕ್ರಮವನ್ನು ಗೊತ್ತಿರುವ ಹಕ್ಕಿಗಳ ಕ್ರಮದೊಡನೆ ತಾಳೆ ನೋಡುತ್ತಾರೆ. ಬಗೆಬಗೆಯ ಪ್ರಾಣಿಗಳಿಗೆಲ್ಲ ಒಂದೇ ಕ್ರಮದಲ್ಲಿ ನಡೆಸಬಹುದಾದ ಇಂಥ ಪರೀಕ್ಷೆಯೊಂದನ್ನು ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ವರ್ಮಾ ಮತ್ತು ಲಾಲ್‌ಜಿ ಸಿಂಗ್ 2003ರಲ್ಲಿ ಪ್ರಕಟಿಸಿದರು.

ಕೋಳಿ ಬೇರೆ, ನವಿಲು ಬೇರೆ ಎಂದು ಇದು ನಿಸ್ಸಂದೇಹವಾಗಿ ತೋರಿಸುತ್ತದೆ. ನಮ್ಮ ಘಟ್ಟದ ಬೂದು ಕಾಡುಕೋಳಿಯನ್ನೂ ಸಾಮಾನ್ಯವಾಗಿ ಬೇರ್ಪಡಿಸುತ್ತದೆ. ಕೆಂಪು ಕಾಡುಕೋಳಿಯ ಮಾತು ಹಾಗಲ್ಲ. ಊರಕೋಳಿ ಅದರ ಸಂತತಿಯೇ ಆದ್ದರಿಂದ ಮೈಟೊಕಾಂಡ್ರಿಯದ ಗುರುತೊಂದನ್ನೇ ನಂಬಿ ತೀರ್ಪು ಹೇಳುವುದು ಕಷ್ಟ.

ಇನ್ನೊಂದು ತೊಡಕು ನಮ್ಮ ಅಡುಗೆಮನೆಯದೇ. ಈ ಪರೀಕ್ಷೆ ಅತಿ ಸೂಕ್ಷ್ಮ. ಬಾತುಕೋಳಿ ಕಡಿದ ಚೂರಿಯನ್ನು ತೊಳೆಯದೆ ಕೋಳಿಗೆ ಹಚ್ಚಿದರೂ ಬಾತಿನ ಸುಳಿವು ಸಿಕ್ಕೀತು. ಸುಳಿವು ಸಿಕ್ಕಿತೆಂದರೆ ಕಲಬೆರಕೆ ನಡೆದಿದೆಯೆಂದಲ್ಲ. ಎಷ್ಟು ಪ್ರಮಾಣ ಎಂದು ಕೇಳಲೇಬೇಕು. ಗಿರಾಕಿಗಳ ಗದ್ದಲದಲ್ಲಿ ಒಂದೇ ಮಣೆಯ ಮೇಲೆ ಎಲ್ಲ ಕಡಿಯಿರೆಂದು ಅವಸರಪಡಿಸುವವರು ಇದನ್ನು ಯೋಚಿಸುವುದಿಲ್ಲ.

2006ರ ಆಹಾರ ಸುರಕ್ಷತಾ ಕಾಯಿದೆಯಲ್ಲಿ ಮಾದರಿಯನ್ನು ನಾಲ್ಕು ಭಾಗ ಮಾಡಬೇಕೆಂದಿದೆ. ಒಂದು ಭಾಗವನ್ನು ಮಾನ್ಯತೆ ಪಡೆದ ಬೇರೆ ಪ್ರಯೋಗಶಾಲೆಗೆ ಕಳಿಸಿರೆಂದು ಕೇಳಬಹುದು. ಆದರೆ ಹಾಗೆ ಕೇಳುವ ಹಕ್ಕು ವ್ಯಾಪಾರ ನಡೆಸುವವನಿಗೆ, ಕೆಲಸದವನಿಗಲ್ಲ. ಮಾಂಸ ಯಾವುದೆಂದು ಪ್ರಯೋಗಶಾಲೆ ಹೇಳೀತು, ಅದನ್ನು ಕೊಂಡು ತಂದವರಾರೆಂದು ಹೇಳದು. ಅದಕ್ಕೆ ಖರೀದಿಯ ಚೀಟಿಯೇ ಬೇಕು. ಆದಕಾರಣ ಬೇರೆ ಬೇರೆ ಚೂರಿ, ಮಣೆ ಒದಗಿಸಬೇಕು, ಅಂಗಡಿಯ ಹೆಸರು ತಾರೀಖು ಇರುವ ಚೀಟಿಯ ನಕಲು ಅಡುಗೆಮನೆಯಲ್ಲೂ ಇರಬೇಕು ಎಂದು ಮಾಲಿಕರನ್ನು ಕೇಳುವ ಠರಾವನ್ನು ನಾವು ಈ ಸಭೆಯ ಮುಂದಿಡುತ್ತೇವೆ.