ಬೊಂಬಾಯಿಯಿಂದ ಹೋದ ಶಾಖದ ಲೆಕ್ಕ

ಮೊದಲು ಒಂದು ಸಣ್ಣ ಲೆಕ್ಕ. ಒಂದು ಡಬ್ಬಿಯಲ್ಲಿ 80 ಡಿಗ್ರಿ ಸೆಲ್ಸಿಯಸ್ ಬಿಸಿಯ 4 ಗ್ರಾಂ ಹೀಲಿಯಂ ಅನಿಲವಿದೆ. ಪಕ್ಕದ ಡಬ್ಬಿಯಲ್ಲಿ 20 ಡಿಗ್ರಿಯ 40 ಗ್ರಾಂ ಆರ್ಗಾನ್. ನಡುವೆ ತೆಳುವಾದ ತಾಮ್ರದ ತಗಡು. ಹೊರಗೆ ಶಾಖ ಸೋರುವುದಿಲ್ಲ, ತಗಡು ಹೀರುವ ಶಾಖವನ್ನೂ ಬಿಟ್ಟುಬಿಡೋಣ. ಕೊನೆಗೆ ಎರಡೂ ಎಷ್ಟು ಡಿಗ್ರಿಗೆ ಬಂದು ನಿಲ್ಲುತ್ತವೆ? ಆರ್ಗಾನ್ ಹತ್ತು ಪಟ್ಟು ತೂಕವಿದೆ, ಹಾಗಾಗಿ 20ರ ಆಸುಪಾಸಿನಲ್ಲೇ ಎಂದು ನಾನೂ ಅಂದುಕೊಂಡಿದ್ದೆ. ಸರಿಯುತ್ತರ 50.

ಆರ್ಗಾನಿನ ಒಂದು ಪರಮಾಣು ಹೀಲಿಯಂನದಕ್ಕಿಂತ ಹತ್ತು ಪಟ್ಟು ಭಾರ. ಆದ್ದರಿಂದ ಎರಡು ಡಬ್ಬಿಗಳಲ್ಲೂ ಇರುವ ಪರಮಾಣುಗಳ ಸಂಖ್ಯೆ ಒಂದೇ. ಇಂಥ ಅನಿಲದಲ್ಲಿ ಶಾಖವೆಂದರೆ ಕಣಗಳ ಓಡಾಟದ ಶಕ್ತಿ. ಬಿಸಿ ಕಡೆಯ ಕಣಗಳು ತಗಡನ್ನು ಗುದ್ದುತ್ತವೆ, ತಗಡು ಆಚೆಯ ಕಣಗಳನ್ನು ತಳ್ಳುತ್ತದೆ. ಒಂದೊಂದು ಕಣದ ಪಾಲಿನ ಸರಾಸರಿ ಶಕ್ತಿ ಎರಡೂ ಕಡೆ ಸಮವಾದಾಗ ಕೊಟ್ಟದ್ದು, ಪಡೆದದ್ದು ಸರಿದೂಗುತ್ತದೆ. ವೇಗ ಮಾತ್ರ ಸಮವಾಗುವುದಿಲ್ಲ. ಕೋಣೆಯ ಉಷ್ಣತೆಯಲ್ಲಿ ಜಲಜನಕದ ಅಣು ಸೆಕೆಂಡಿಗೆ ಸುಮಾರು 1,900 ಮೀಟರ್ ಓಡಿದರೆ, ಹದಿನಾರು ಪಟ್ಟು ಭಾರದ ಆಮ್ಲಜನಕದ ಅಣು ಓಡುವುದು ಸುಮಾರು 480 ಮೀಟರ್.

ಈ ಮಾತನ್ನು ಮೊದಲು ಸ್ಪಷ್ಟವಾಗಿ ಬರೆದವನು ಆಗ ಇದ್ದದ್ದು ಬೊಂಬಾಯಿಯಲ್ಲಿ! ಹೆಸರು ಜಾನ್ ಜೇಮ್ಸ್ ವಾಟರ್‌ಸ್ಟನ್, ಊರು ಎಡಿನ್‌ಬರೋ. ಈಸ್ಟ್ ಇಂಡಿಯಾ ಕಂಪನಿಯ ನೌಕಾ ಕೆಡೆಟ್‌ಗಳಿಗೆ ಪಾಠ ಹೇಳುವುದು ಆತನ ಕೆಲಸ. ಬೆರೆತ ಅನಿಲಗಳಲ್ಲಿ ಕಣದ ತೂಕ ಹೆಚ್ಚಿದಷ್ಟೂ ಅದರ ವೇಗದ ವರ್ಗ ಅದೇ ಪ್ರಮಾಣದಲ್ಲಿ ತಗ್ಗುತ್ತದೆ ಎಂದು ತೋರಿಸಿ, 1845ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಕಳಿಸಿದ. ಅದನ್ನು ಪರಿಶೀಲಿಸಿದವರಲ್ಲಿ ಒಬ್ಬರು, ಇದು ಬರೀ ಅಸಂಬದ್ಧ, ಸಭೆಯಲ್ಲಿ ಓದಲೂ ತಕ್ಕುದಲ್ಲ ಎಂದರು. 1846ರಲ್ಲಿ ಅದನ್ನು ಸಭೆಯಲ್ಲಿ ಓದಿದ್ದೇನೋ ನಿಜ, ಆದರೆ ಪೂರ್ತಿ ಅಚ್ಚಾಗಲಿಲ್ಲ. ಹಸ್ತಪ್ರತಿಯನ್ನು ವಾಪಸು ಕೊಡುವ ಪದ್ಧತಿ ಅಲ್ಲಿರಲಿಲ್ಲ. ವಾಟರ್‌ಸ್ಟನ್ ನಕಲು ಇಟ್ಟುಕೊಂಡಿರಲಿಲ್ಲ. ಪತ್ರಿಕಾ ಕಚೇರಿಯ ಕಸದ ಬುಟ್ಟಿಯನ್ನು ದಿನವೂ ನೋಡುವ ನನಗೆ ಈ ಭಾಗ ಓದುವಾಗ ಕಸಿವಿಸಿಯಾಯಿತು.

1860ರಲ್ಲಿ ಮ್ಯಾಕ್ಸ್‌ವೆಲ್ ತನ್ನದೇ ದಾರಿಯಲ್ಲಿ ಇದೇ ಫಲಿತಾಂಶಕ್ಕೆ ಬಂದ. ಕೀರ್ತಿಯೂ ಅವನಿಗೇ ಹೋಯಿತು. ಅದರಲ್ಲಿ ಅವನ ತಪ್ಪೇನೂ ಇಲ್ಲ. 1883ರ ಜೂನ್‌ನಲ್ಲಿ ಎಡಿನ್‌ಬರೋದ ಬಳಿ ತಿರುಗಾಡಲು ಹೋದ ವಾಟರ್‌ಸ್ಟನ್ ಮರಳಿ ಬರಲಿಲ್ಲ.

1891ರಲ್ಲಿ ಲಾರ್ಡ್ ರ‍್ಯಾಲೆ ಹಳೆಯ ಕಡತಗಳಲ್ಲಿ ಆ ಹಸ್ತಪ್ರತಿಯನ್ನು ಹುಡುಕಿ ತೆಗೆದರು. ಮರುವರ್ಷ ಅಚ್ಚು ಹಾಕಿಸಿ ಮುನ್ನುಡಿಯನ್ನೂ ಬರೆದರು. ದೊಡ್ಡ ಕೆಲಸ ಮಾಡಬಲ್ಲೆನೆಂದು ನಂಬಿರುವ ಯುವ ಲೇಖಕರು ಮೊದಲು ಸಣ್ಣ ಕೆಲಸಗಳಿಂದ ಹೆಸರು ಗಳಿಸಿಕೊಳ್ಳುವುದು ಲೇಸು ಎಂಬ ಬುದ್ಧಿವಾದ ಅದರಲ್ಲಿದೆ. ನನಗಂತೂ ಅದು ರುಚಿಸಲಿಲ್ಲ. ಆ ಮಾತು ಹೇಳಬೇಕಿದ್ದದ್ದು ಪರಿಶೀಲಕರಿಗಲ್ಲವೇ?