ಇಸಿಜಿ ಕ್ಯೂನಲ್ಲಿ ನಿಂತವರಿಗೆ ಒಂದು ಮಾತು

2025ರಲ್ಲಿ ಹಾಸನದ ಸುದ್ದಿ ಟಿವಿಯಲ್ಲಿ ಬೆಳಿಗ್ಗೆ ಸಂಜೆ ಓಡ್ತಿತ್ತು, ನೆನಪಿದೆಯಲ್ಲ? ಸಣ್ಣ ವಯಸ್ಸಿನವರ ಹೃದಯಾಘಾತ, ಒಂದಾದ ಮೇಲೊಂದು. ಆಮೇಲೆ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಇಸಿಜಿಗೆ ಜನಜಾತ್ರೆ. ಭಯ ಪಟ್ಟಿದ್ದು ತಪ್ಪಲ್ಲ. 2021ರ ಅಕ್ಟೋಬರ್ 29ಕ್ಕೆ ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ಹೋದಾಗ ಅವರಿಗೆ ಬರೀ 46. ಆ ಪೆಟ್ಟು ಇನ್ನೂ ಆರಿಲ್ಲ. ಆದ್ರೆ ಒಂದು ಇಸಿಜಿ ತೆಗೆಸಿ, ನಾರ್ಮಲ್ ಅಂತ ಬಂದ ಚೀಟಿ ಮಡಚಿ ಜೇಬಿಗಿಟ್ಕೊಂಡು, ಹೊರಗೆ ಬಂದು ಸಿಗರೇಟ್ ಹಚ್ಚಿದ್ರೆ ಏನು ಬಂತು? ಇಸಿಜಿ ಹೇಳೋದು ಆ ಗಳಿಗೆಯಲ್ಲಿ ಹೃದಯದ ವಿದ್ಯುತ್ತು ಹೇಗೆ ಹರೀತಿದೆ ಅಂತ. ರಕ್ತನಾಳದ ಒಳಗೋಡೆಗೆ ಎಷ್ಟು ಕೊಬ್ಬು ಮೆತ್ಕೊಂಡಿದೆ ಅನ್ನೋದು ಅದಕ್ಕೆ ಕಾಣೋದಿಲ್ಲ.

ಈಗ ನನ್ನನ್ನ ಬಿಡದೆ ಕಾಡಿದ ಕಥೆಗೆ ಬರ್ತೀನಿ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನ ವೈದ್ಯರು ತೆರೆದು ನೋಡಿದ್ರು. ವರದಿ ಬಂದಿದ್ದು 1953ರಲ್ಲಿ. ಸರಾಸರಿ ವಯಸ್ಸು 22. ದೇಹ ಗಟ್ಟಿ ಇದೆ ಅಂತ ಪರೀಕ್ಷೆ ಮಾಡಿಯೇ ಸೇನೆಗೆ ತಗೊಂಡ ಹುಡುಗರು. ಹೃದಯಕ್ಕೆ ರಕ್ತ ಕೊಡೋ ನಾಳ ಹೆಚ್ಚುಕಮ್ಮಿ ಬಾಲ್‌ಪೆನ್ ರೀಫಿಲ್‌ನಷ್ಟು ದಪ್ಪ. ಅದನ್ನ ಉದ್ದಕ್ಕೆ ಸೀಳಿ ನೋಡಿದ್ರೆ, ನೂರರಲ್ಲಿ 77 ಜನರ ನಾಳದಲ್ಲಿ ರೋಗದ ಗುರುತು ಬರಿಗಣ್ಣಿಗೇ ಕಾಣ್ತಿತ್ತು. ಕೆಲವರಲ್ಲಿ ಗೋಡೆ ಸ್ವಲ್ಪ ದಪ್ಪ ಆಗಿತ್ತು, ಅಷ್ಟೇ. ಕೆಲವರಲ್ಲಿ ನಾಳ ಪೂರ್ತಿ ಮುಚ್ಚೇ ಹೋಗಿತ್ತು. ಹೃದ್ರೋಗ ಐವತ್ತರ ಮೇಲೆ ಶುರುವಾಗೋ ಕಾಯಿಲೆ ಅನ್ನೋ ನಂಬಿಕೆ ಅಲ್ಲಿಗೆ ಬುಡಮೇಲಾಯ್ತು. ಐವತ್ತಕ್ಕೆ ಎದೆ ಹಿಡ್ಕೊಳ್ಳೋ ಕಾಯಿಲೆ ಇಪ್ಪತ್ತಕ್ಕೇ ಸದ್ದಿಲ್ಲದೆ ಖಾತೆ ತೆರೆದಿರುತ್ತೆ.

ಇಷ್ಟು ಹೇಳಿದ ತಕ್ಷಣ, "ಅದೆಲ್ಲ ಇರ್ಲಿ, ಈಗಿನ ಸಾವಿಗೆಲ್ಲ ಕೋವಿಡ್ ಲಸಿಕೆನೇ ಕಾರಣ" ಅಂತ ಒಬ್ಬರಾದರೂ ಬರ್ತಾರೆ. ಈ ಜಗಳ ನಾನು ಬಿಡೋನಲ್ಲ. 18ರಿಂದ 45 ವರ್ಷದೊಳಗೆ ಕಾರಣ ಗೊತ್ತಾಗದೆ ದಿಢೀರ್ ಸತ್ತ 729 ಜನರನ್ನ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), 47 ಆಸ್ಪತ್ರೆಗಳ ಮೂಲಕ, ಬದುಕಿರೋ 2,916 ಜನರ ಜೊತೆ ಹೋಲಿಸಿ ನೋಡ್ತು. ಎರಡು ಡೋಸ್ ಹಾಕಿಸ್ಕೊಂಡವರಲ್ಲಿ ಇಂಥ ಸಾವಿನ ಸಾಧ್ಯತೆ ಹೆಚ್ಚಾಗಿರಲಿಲ್ಲ, ಸುಮಾರು ಅರ್ಧಕ್ಕೆ ಇಳಿದಿತ್ತು. ಸಾಧ್ಯತೆ ಏರಿದ್ದು ಬೇರೆ ಕಡೆ: ಮನೆಯಲ್ಲಿ ಹೀಗೇ ದಿಢೀರ್ ಸತ್ತವರಿರೋದು, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಸಾವಿಗೆ ಮುಂಚಿನ 48 ಗಂಟೆಯಲ್ಲಿ ವಿಪರೀತ ಕುಡಿದಿದ್ದು ಅಥವಾ ಮೈ ಮುರಿಯೋ ಹಾಗೆ ಕಸರತ್ತು ಮಾಡಿದ್ದು. "ಸರ್ಕಾರಿ ಸಂಸ್ಥೆ ಇನ್ನೇನು ಹೇಳುತ್ತೆ" ಅಂತೀರಾ? ಸರಿ, ಅದನ್ನ ಪಕ್ಕಕ್ಕಿಡಿ. 1953ರಲ್ಲಿ ಯಾವ ಕೋವಿಡ್, ಯಾವ ಲಸಿಕೆ? ಲಸಿಕೆಯನ್ನೇ ಬೈತಾ ಕೂತ್ರೆ ಕೈಯಲ್ಲಿರೋ ಸಿಗರೇಟನ್ನ ಯಾರೂ ಕೇಳೋದಿಲ್ಲ. ಈ ವಾದ ಇಷ್ಟು ಹಿತವಾಗಿರೋದು ಅದಕ್ಕೇ ಅಂತ ನನ್ನ ಅನುಮಾನ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿ. ಇಪ್ಪತ್ತಕ್ಕೇ ಎಲ್ಲರಲ್ಲೂ ಶುರುವಾಗೋದಾದ್ರೆ ಅದು ಹಣೆಬರಹ ತಾನೇ, ಒದ್ದಾಡಿ ಏನು ಪ್ರಯೋಜನ? ಉತ್ತರ ಅದೇ ಅಮೆರಿಕನ್ ಸೇನೆಯಲ್ಲಿದೆ. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಕಾಲದಲ್ಲಿ ಸತ್ತ 3,832 ಸೈನಿಕರ ಲೆಕ್ಕ 2012ರಲ್ಲಿ ಬಂತು. ಈ ಸಲ ನಾಳದಲ್ಲಿ ಕೊಬ್ಬು ಕಟ್ಟಿದ್ದು ನೂರಕ್ಕೆ 8.5 ಜನರಲ್ಲಿ ಮಾತ್ರ. ಸ್ವಲ್ಪ ನಿಲ್ಲಿ, 77ನ್ನೂ 8.5ನ್ನೂ ಹಾಗೇ ಪಕ್ಕಪಕ್ಕ ಇಡೋದು ನ್ಯಾಯ ಅಲ್ಲ. ಅಳೆದ ರೀತಿ ಬೇರೆ, ಸೈನಿಕರ ಆಯ್ಕೆಯೂ ಬೇರೆ. ಅಷ್ಟು ಕಳೆದ್ರೂ ಇಳಿಮುಖ ಇಳಿಮುಖವೇ. ಆ ನಡುವೆ ಅಲ್ಲಿ ಸಿಗರೇಟು ಇಳಿದಿತ್ತು, ಬಿಪಿ ಕೊಲೆಸ್ಟ್ರಾಲ್‌ಗೆ ಚಿಕಿತ್ಸೆ ಬಂದಿತ್ತು. 2012ರ ಲೆಕ್ಕದಲ್ಲೂ ಬಿಪಿ, ಕೊಲೆಸ್ಟ್ರಾಲ್, ಬೊಜ್ಜು ಇದ್ದವರಲ್ಲೇ ಕೊಬ್ಬು ಹೆಚ್ಚು. ಹಣೆಬರಹ ಆಗಿದ್ರೆ ಇದು ಹೀಗೆ ಬದಲಾಗ್ತಿರಲಿಲ್ಲ.

"ಹೋದ ತಿಂಗಳು ಟೆಸ್ಟ್ ಎಲ್ಲ ನಾರ್ಮಲ್ ಇತ್ತಲ್ಲ, ಆದ್ರೂ ಹೋದ್ರು" ಅಂತೀವಲ್ಲ, ಅದನ್ನ ಬಿಡಿಸಿ ಹೇಳ್ಬೇಕು. ನಾಳವನ್ನ ಅರ್ಧವೂ ಮುಚ್ಚದ ಸಣ್ಣ ಕೊಬ್ಬಿನ ಗಡ್ಡೆ, ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡೋ ಟಿಎಂಟಿ ಪರೀಕ್ಷೆಯಲ್ಲೂ ತಪ್ಪಿಸ್ಕೊಳ್ಳಬಹುದು. ಒಂದು ದಿನ ಅದರ ಮೇಲಿನ ಪೊರೆ ಒಡೆದ್ರೆ ರಕ್ತ ಅಲ್ಲೇ ಹೆಪ್ಪುಗಟ್ಟಿ ನಿಮಿಷಗಳಲ್ಲಿ ದಾರಿ ಬಂದ್. ಒಡೆದಿದ್ದು ಇವತ್ತು, ಗಡ್ಡೆ ಬೆಳೆದಿದ್ದು ಇಪ್ಪತ್ತು ವರ್ಷ.

ಉಳಿದಿದ್ದು ಬೇಗ ಹೇಳ್ತೀನಿ. ಇಪ್ಪತ್ತು ದಾಟಿದವರು ಬಿಪಿ, ಶುಗರ್, ಲಿಪಿಡ್ ಪ್ರೊಫೈಲ್ ಒಮ್ಮೆ ಮಾಡಿಸಿ. ಅದರಲ್ಲಿ ಕೆಟ್ಟ ಕೊಲೆಸ್ಟ್ರಾಲ್, ಅಂದ್ರೆ ಎಲ್‌ಡಿಎಲ್, 190 ಮುಟ್ಟಿದ್ರೆ "ಊಟ ಕಂಟ್ರೋಲ್ ಮಾಡ್ತೀನಿ" ಅಂತ ಮುಂದೂಡ್ಬೇಡಿ, ಅದು ರಕ್ತದಲ್ಲೇ ಬಂದಿರಬಹುದು. ಡಾಕ್ಟರ್ ಹತ್ರ ಹೋಗಿ. ತಂದೆ ಅಥವಾ ಅಣ್ಣನಿಗೆ 55ರೊಳಗೆ, ತಾಯಿ ಅಥವಾ ಅಕ್ಕನಿಗೆ 65ರೊಳಗೆ ಹೃದಯಾಘಾತ ಆಗಿದ್ರೆ ಅದನ್ನೂ ಬಾಯಿಬಿಟ್ಟು ಹೇಳಿ. ತಂಬಾಕು ಬಿಡಿ, ಗುಟ್ಕಾನೂ ಸೇರಿ. ವರ್ಷಗಟ್ಟಲೆ ಕೂತಿದ್ದವರು ಮೊದಲ ದಿನವೇ ಜಿಮ್‌ನಲ್ಲಿ ಪೌರುಷ ತೋರಿಸ್ಬೇಡಿ. ಎದೆ ಬಿಗಿದು ಬೆವರು ಕಿತ್ತು ಬಂದ್ರೆ ಗ್ಯಾಸ್ ಅಂತ ಸೋಡಾ ಕುಡೀತಾ ಕೂರ್ಬೇಡಿ, 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸೋ ಚುಚ್ಚುಮದ್ದು ತಾಲೂಕು ಆಸ್ಪತ್ರೆಯಲ್ಲೇ ಸಿಗ್ಲಿ ಅಂತ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಗೆ ಪುನೀತ್ ಹೆಸರೇ ಇದೆ. ಇಸಿಜಿ ಬೇಕಾಗೋದು ನಿಜವಾಗಿ ಎದೆ ಬಿಗಿಯೋ ಆ ಗಳಿಗೆಗೆ. ಅಲ್ಲಿವರೆಗೂ ನಿಮ್ಮ ಬಿಪಿ ಎಷ್ಟು ಅಂತ ಯಾರಾದ್ರೂ ಕೇಳಿದ್ರೆ, ಫೋನ್ ನಂಬರ್ ಹೇಳೋ ಹಾಗೆ ಥಟ್ ಅಂತ ಹೇಳೋಕೆ ಬರ್ಬೇಕು.